ಥೀಸಿಸ್‌ಗೆ ಆಳಂದದ 300 ತೊಗರಿ ರೈತರ ಸರ್ವೆ ಮಾಡಿದ್ದೇನೆ, ಹಳ್ಳಿವಾರು ಮಿಕ್ಸ್ಡ್ ಮಾಡೆಲ್ ಕೂಡ ಬೇಕಾಗಬಹುದು. 4 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಜಾಮೋವಿ (ಅಂಕಿಅಂಶ ವಿಶ್ಲೇಷಿಸುವ ಸಾಫ್ಟ್‌ವೇರ್) ನಿಂತುಬಿಡುತ್ತಿದೆ. ಕಲಬುರಗಿಯ ಅಂಗಡಿಯವರು ಕ್ರ್ಯಾಕ್ ಎಸ್‌ಪಿಎಸ್‌ಎಸ್ ಹಾಕಿಕೊಡುತ್ತೇನೆ ಅನ್ನುತ್ತಾರೆ. ಏನು ಹಾಕಲಿ?

ಬಹುಶಃ ರ‍್ಯಾಮ್ ಸಾಲುತ್ತಿಲ್ಲ, ನಿಮ್ಮ ಡೇಟಾದ ತಪ್ಪಲ್ಲ. ಆಳಂದದ 300 ತೊಗರಿ ರೈತರ ಸರ್ವೆ ಅಂದರೆ ತೀರಾ ಚಿಕ್ಕ ಫೈಲು. ವಿಂಡೋಸ್ 10 ಮತ್ತು ಬ್ರೌಸರ್ ಸೇರಿಯೇ 4 ಜಿಬಿಯ ದೊಡ್ಡ ಪಾಲು ತಿಂದುಬಿಡುತ್ತವೆ.

ಮೊದಲು ಬ್ರೌಸರ್ ಮುಚ್ಚಿ ಪಿಎಸ್‌ಪಿಪಿ ಹಾಕಿ. ಇದೂ ಅಂಕಿಅಂಶದ ಸಾಫ್ಟ್‌ವೇರೇ, ಉಚಿತ, ಹಗುರ, ನೋಡಲೂ ದುಡ್ಡು ಕೊಟ್ಟು ಕೊಳ್ಳುವ ಎಸ್‌ಪಿಎಸ್‌ಎಸ್ ತರಹವೇ ಇದೆ, ನಿಮ್ಮ ಗೈಡ್ ಕೊಟ್ಟ ಎಸ್‌ಪಿಎಸ್‌ಎಸ್ ಫೈಲನ್ನೂ ತೆರೆಯುತ್ತದೆ. ಸರ್ವೆಗೆ ಸಾಮಾನ್ಯವಾಗಿ ಬೇಕಾಗುವ ಕೈ-ಸ್ಕ್ವೇರ್, ಟಿ-ಟೆಸ್ಟ್, ಒನ್-ವೇ ಅನೋವಾ, ರಿಗ್ರೆಶನ್, ಕ್ರಾನ್‌ಬ್ಯಾಕ್ ಆಲ್ಫಾ ತರಹದ ಲೆಕ್ಕಗಳೆಲ್ಲ ಸಿಗುತ್ತವೆ. ಚಾರ್ಟ್ ಮಾತ್ರ ಸಪ್ಪೆ, ಅದನ್ನು ಲಿಬ್ರೆಆಫೀಸ್‌ನಲ್ಲಿ ಮಾಡಿಕೊಳ್ಳಿ.

ಹಳ್ಳಿವಾರು ಮಿಕ್ಸ್ಡ್ ಮಾಡೆಲ್ (ಒಂದೇ ಹಳ್ಳಿಯ ರೈತರು ಒಂದೇ ತರಹ ಇರಬಹುದು ಅನ್ನುವುದನ್ನೂ ಲೆಕ್ಕಕ್ಕೆ ತರುವ ವಿಶ್ಲೇಷಣೆ) ಬೇಕಾಗಬಹುದು ಅಂದಿದ್ದೀರಿ, ಅದು ಪಿಎಸ್‌ಪಿಪಿಯಲ್ಲಿ ಇಲ್ಲ. ಆ ಮಾಡೆಲ್ ನಿಜವಾಗಿಯೂ ಬೇಕಾ ಅಂತ ನಿಮ್ಮ ಪ್ರಶ್ನೆಯಿಂದ ನನಗೆ ಗೊತ್ತಾಗಲಿಲ್ಲ, ಗೈಡ್ ಹತ್ತಿರ ಕೇಳಿ. ಬೇಕೇ ಬೇಕು ಅಂದರೆ ಆರ್ (ಕೋಡ್ ಬರೆದು ಲೆಕ್ಕ ಮಾಡುವ ಉಚಿತ ಸಾಫ್ಟ್‌ವೇರ್) ಕಲಿಯಿರಿ, ಆದರೆ ಅದನ್ನು ಬಳಸಲು ಸುಲಭ ಮಾಡುವ ಆರ್‌ಸ್ಟುಡಿಯೋ ಸದ್ಯಕ್ಕೆ ಬೇಡ, ಸುಮ್ನೆ ಜಾಸ್ತಿ ಭಾರ, ಆರ್ ಜೊತೆ ಬರುವ ಸಾದಾ ಕನ್ಸೋಲ್ (ಆದೇಶ ಟೈಪ್ ಮಾಡುವ ಕಿಟಕಿ) ಸಾಕು. ಹಾಕುವ ಮುಂಚೆ ನಿಮ್ಮ ವಿಂಡೋಸ್ 32 ಬಿಟ್ಟೋ 64 ಬಿಟ್ಟೋ ನೋಡಿಕೊಳ್ಳಿ. 2022ರಲ್ಲಿ ಬಂದ 4.2 ಆವೃತ್ತಿಯಿಂದ ಆರ್ 32 ಬಿಟ್ ವಿಂಡೋಸ್‌ನಲ್ಲಿ ಓಡುವುದಿಲ್ಲ, ನಿಮ್ಮದು 32 ಬಿಟ್ ಆದರೆ ಹಳೆಯ 4.1.3 ಇಳಿಸಬೇಕು.

ಕಲಬುರಗಿ ಅಂಗಡಿಯವರು ಹಾಕಿಕೊಡುತ್ತೇನೆ ಅಂದ ಕ್ರ್ಯಾಕ್ ಎಸ್‌ಪಿಎಸ್‌ಎಸ್ ಖಂಡಿತ ಬೇಡ, ವೈರಸ್ ಬಂದರೆ ಥೀಸಿಸ್ಸೇ ಹೋಗುತ್ತದೆ. ಪಿಎಸ್‌ಪಿಪಿಯಲ್ಲಿ ಒಂದು ಟೇಬಲ್ ತೆಗೆದು ಗೈಡ್‌ಗೆ ತೋರಿಸಿ, ಒಪ್ಪಿದರೆ ಅದರಲ್ಲೇ ಮುಂದುವರಿಸಿ.