ಕೊಯ್ಯುವುದೋ, ತಂತಿ ತೂರಿಸುವುದೋ: ದಕ್ಷಿಣ ಕೊಡಗಿನಿಂದ ಒಂದು ಉತ್ತರ

ನೀವು ಕೇಳಿದ್ದರಲ್ಲಿ ಎರಡು ಪ್ರಶ್ನೆಗಳಿವೆ. ಕಾಲಿನ ರಕ್ತನಾಳ ಕಟ್ಟಿಕೊಂಡರೆ ಕೊಡಗಿನವರಲ್ಲಿ ಒಬ್ಬರು ಮೈಸೂರಿಗೆ, ಒಬ್ಬರು ಮಂಗಳೂರಿಗೆ, ಮತ್ತೊಬ್ಬರು ಕಣ್ಣೂರಿಗೆ ಏಕೆ ಓಡುತ್ತಾರೆ ಎಂಬುದು ಮೊದಲನೆಯದು. ತೊಡೆಸಂದಿಯಲ್ಲಿ ಸಣ್ಣ ತೂತು ಮಾಡಿ, ನಾಳದೊಳಗೆ ತಂತಿ ತೂರಿಸಿ ಅಡಚಣೆ ಬಿಡಿಸಿ ಎರಡು ದಿನದಲ್ಲಿ ಮನೆಗೆ ಕಳಿಸುವ ಈ ಕಾಲದಲ್ಲೂ ಕಾಲನ್ನು ಉದ್ದಕ್ಕೆ ಕೊಯ್ಯಿಸಿಕೊಂಡು ಬರುವವರು ನಿಮ್ಮಲ್ಲಿದ್ದಾರಲ್ಲ, ಅದು ತಿಳಿವಳಿಕೆಯ ಕೊರತೆಯೇ ಎಂಬುದು ಎರಡನೆಯದು. ಎರಡನೆಯ ಪ್ರಶ್ನೆಯ ಧಾಟಿ ನನಗೆ ಹಿಡಿಸಲಿಲ್ಲ. ಆದರೂ ಉತ್ತರಿಸುತ್ತೇನೆ. ನಾನು ವೈದ್ಯನಲ್ಲ, ಒಂದು ಕಾಫಿ ತೋಟದಲ್ಲಿ ರೈಟರ್. ಹಾಜರಿ, ಸಂಬಳ, ಲೆಕ್ಕ ನೋಡಿಕೊಳ್ಳುವವನನ್ನು ಇಲ್ಲಿ ಹಾಗೆ ಕರೆಯುತ್ತಾರೆ. ಕೂಲಿಯವರ ಸಾಲುಮನೆಗಳಾದ ಲೈನ್ ಮನೆಯವರಿಗಾಗಲಿ, ಮಾಲೀಕರ ಮನೆಯ ಹಿರಿಯರಿಗಾಗಲಿ ದೊಡ್ಡ ಆಸ್ಪತ್ರೆಯ ದಾರಿ ಹಿಡಿಯುವ ಹೊತ್ತು ಬಂದರೆ ಜೀಪಿನಲ್ಲಿ ಫೈಲು ಹಿಡಿದು ಕೂರುವವನೂ ನಾನೇ.

ಮೊದಲು ರಸ್ತೆಯ ಮಾತು. ಕೊಡಗಿಗೆ ರೈಲಿಲ್ಲ. ಮಡಿಕೇರಿಯಲ್ಲಿ ಜಿಲ್ಲಾ ಆಸ್ಪತ್ರೆಯ ಜೊತೆಗೆ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ; ಆದರೆ ರಕ್ತನಾಳದ ದೊಡ್ಡ ಕೆಲಸಕ್ಕೆ ನಮ್ಮವರು ಜಿಲ್ಲೆ ದಾಟುವುದೇ ರೂಢಿ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಮಂಗಳೂರು ಸುಮಾರು 140. ವಿರಾಜಪೇಟೆಯವರಿಗೆ ಪೆರುಂಬಾಡಿ, ಮಾಕುಟ್ಟ, ಇರಿಟ್ಟಿಯ ಮೇಲೆ ಕಣ್ಣೂರು 80ರ ಆಸುಪಾಸು. ಸಂಪಾಜೆ ಕಡೆಯವರು ಸುಳ್ಯ ಹಿಡಿದು ಮಂಗಳೂರಿಗೆ ಇಳಿಯುತ್ತಾರೆ, ಕುಶಾಲನಗರದವರಿಗೆ ಮೈಸೂರೇ ಸಲೀಸು, ಕುಟ್ಟದವರಿಗೆ ವಯನಾಡು ಪಕ್ಕದ ಮನೆ ಇದ್ದಂತೆ. ಭಾಷೆ ಅಡ್ಡಬರುವುದಿಲ್ಲ: ನಮ್ಮ ಸಂತೆಯಲ್ಲಿ ಕೊಡವ ತಕ್ಕ್, ಮಲಯಾಳ, ಅರೆಭಾಷೆ, ಯರವರ ಮಾತು, ಕನ್ನಡ ಎಲ್ಲವೂ ಒಂದೇ ತಕ್ಕಡಿಯ ಮುಂದೆ ನಡೆಯುತ್ತವೆ. ನಿಜ ಹೇಳಬೇಕೆಂದರೆ ಮಂದಿ ಆಸ್ಪತ್ರೆಯನ್ನು ಆರಿಸುವುದು ವೈದ್ಯರ ಹೆಸರು ನೋಡಿಯಲ್ಲ. ಗಂಜಿ ಕಾಯಿಸಿ ತಂದುಕೊಡುವ ತಂಗಿ ಯಾವ ಊರಿನಲ್ಲಿದ್ದಾಳೋ ಅಲ್ಲಿಗೆ ಹೋಗುತ್ತಾರೆ. ಮಳೆಗಾಲದಲ್ಲಿ ಆ ಆಯ್ಕೆಯೂ ಕೈಯಲ್ಲಿರುವುದಿಲ್ಲ. 2018ರ ಜೂನ್‌ನಲ್ಲಿ ಮಾಕುಟ್ಟದ ರಸ್ತೆ ಕುಸಿಯಿತು, ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ಹೆದ್ದಾರಿಯೇ ಹೋಯಿತು. ಆ ವರ್ಷ ತಪಾಸಣೆಯ ದಿನಾಂಕ ಬರೆಸಿಕೊಂಡು ಬಂದವರೆಲ್ಲ ಚೀಟಿಯನ್ನು ಗೋಡೆಗೆ ಸಿಕ್ಕಿಸಿ ಸುಮ್ಮನಾದರು.

ಈ ಕಾಯಿಲೆ ಇಲ್ಲಿ ಕಾಣಿಸಿಕೊಳ್ಳುವುದು ಏರಿನಲ್ಲಿ. ಕಣದಿಂದ ಮೇಲಿನ ಬ್ಲಾಕಿಗೆ ಹತ್ತುವಾಗ ಮೀನಖಂಡ ಹಿಡಿದುಕೊಳ್ಳುತ್ತದೆ, ಎರಡು ಮೂರು ನಿಮಿಷ ನಿಂತರೆ ಬಿಡುತ್ತದೆ. ಚಳಿ, ವಾಯು, ವಯಸ್ಸು ಎಂದು ಹೆಸರಿಟ್ಟು ವರ್ಷಗಟ್ಟಲೆ ತೈಲ ತಿಕ್ಕುತ್ತಾರೆ. ಪರೀಕ್ಷೆ ಸರಳವಾದದ್ದು: ಪಾದದ ಹತ್ತಿರದ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸುತ್ತಾರೆ, ಉತ್ತರ 0.9ಕ್ಕಿಂತ ಕಡಿಮೆ ಬಂದರೆ ಕಾಲಿಗೆ ರಕ್ತ ಸಾಲುತ್ತಿಲ್ಲ ಎಂದು ಅರ್ಥ. ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ನಾಳದ ಗೋಡೆ ಸುಣ್ಣಗಟ್ಟಿ ಗಡುಸಾಗಿರುವುದರಿಂದ ಈ ಲೆಕ್ಕ ಸುಳ್ಳಾಗಿ ಮೇಲೆ ತೋರಿಸುವುದೂ ಉಂಟು. ಅವರಿಗೆ ಹೆಬ್ಬೆರಳಿನ ಒತ್ತಡ ನೋಡುತ್ತಾರೆ.

ಈ ಹಂತದಲ್ಲಿ ಒಳ್ಳೆಯ ವೈದ್ಯರು ಕೊಯ್ಯುವುದೂ ಇಲ್ಲ, ತಂತಿ ತೂರಿಸುವುದೂ ಇಲ್ಲ. ನಡೆಯಿರಿ ಎನ್ನುತ್ತಾರೆ. ನೋವು ಬರುವವರೆಗೆ ನಡೆಯುವುದು, ನಿಲ್ಲುವುದು, ಮತ್ತೆ ನಡೆಯುವುದು. ಒಮ್ಮೆಗೆ 30ರಿಂದ 45 ನಿಮಿಷ, ವಾರಕ್ಕೆ ಮೂರು ದಿನವಾದರೂ, ಕನಿಷ್ಠ 12 ವಾರ. ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ಒಂದು ಗುಳಿಗೆ, ಕೊಬ್ಬಿಗೆ ಒಂದು ಗುಳಿಗೆ, ಬೀಡಿಗೆ ಪೂರ್ಣವಿರಾಮ. ದಿನವಿಡೀ ತೋಟ ಸುತ್ತುವ ಮೇಸ್ತ್ರಿಗೆ ಇದನ್ನು ಹೇಳಿದಾಗ ಅವನು ನನ್ನ ಮುಖ ನೋಡಿ ನಕ್ಕ. ನಕ್ಕರೂ ಬೀಡಿಯ ಮಾತು ಹಾಸ್ಯವಲ್ಲ. ನಲವತ್ತು ದಾಟದ ಗಂಡಾಳಿನ ಬೆರಳು ಕಪ್ಪಾದರೆ ಅದು ಬರ್ಜರ್ ಕಾಯಿಲೆಯಾಗಿರಬಹುದು. ತಂಬಾಕಿನಿಂದಲೇ ಉರಿದು ಮುಚ್ಚಿಕೊಳ್ಳುವ ಸಣ್ಣ ನಾಳಗಳ ರೋಗ ಅದು. ಅಲ್ಲಿ ಬೈಪಾಸ್, ಅಂದರೆ ಕಟ್ಟಿದ ಜಾಗವನ್ನು ಬಳಸಿ ಹೋಗುವ ಬೇರೆ ನಾಳ, ಜೋಡಿಸಲು ಕೆಳಗಡೆ ತೆರೆದ ನಾಳ ಸಿಗುವುದೇ ಅಪರೂಪ. ತಂಬಾಕು ಬಿಟ್ಟವನಿಗೆ ಕಾಲು ಉಳಿಯುವ ಸಾಧ್ಯತೆ ಇರುತ್ತದೆ, ಬಿಡದವನಿಗೆ ಯಾವ ಊರಿನ ಆಸ್ಪತ್ರೆಯೂ ಹೆಚ್ಚು ಮಾಡಲಾರದು.

ರಾತ್ರಿ ಮಲಗಿದಾಗ ಪಾದ ಉರಿದು, ಮಂಚದಿಂದ ಕಾಲು ಇಳಿಬಿಟ್ಟರೆ ಮಾತ್ರ ಸಮಾಧಾನವಾಗುವುದು, ಬೆರಳ ಸಂದಿಯ ಹುಣ್ಣು ತಿಂಗಳಾದರೂ ಆರದಿರುವುದು ಶುರುವಾದರೆ ಆಗ ನಿಮ್ಮ ಪ್ರಶ್ನೆಗೆ ಬೆಲೆ ಬರುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಪೈಪ್ ಕಟ್ಟಿಕೊಂಡರೆ ನಮಗೆ ಎರಡು ದಾರಿ: ಒಳಗೆ ಸರಳು ಹಾಕಿ ಬಿಡಿಸುವುದು, ಇಲ್ಲವೇ ಕಟ್ಟಿದ ತುಂಡನ್ನು ಬಳಸಿ ಪಕ್ಕದಲ್ಲಿ ಬೇರೆ ಪೈಪ್ ಎಳೆಯುವುದು. ವೈದ್ಯರು ಮಾಡುವುದೂ ಇವೇ ಎರಡು.

ಪಕ್ಕದ ಪೈಪಿನ ದಾರಿ ಹಳೆಯದು. 1948ರಲ್ಲಿ ಪ್ಯಾರಿಸ್‌ನಲ್ಲಿ ಜಾನ್ ಕುನ್ಲಿನ್ ಎಂಬ ಶಸ್ತ್ರವೈದ್ಯರು ರೋಗಿಯ ಕಾಲಿನದೇ ಅಭಿಧಮನಿಯನ್ನು ತೆಗೆದು ಕಟ್ಟಿಕೊಂಡ ಧಮನಿಯ ಮೇಲಿಂದ ಕೆಳಕ್ಕೆ ಜೋಡಿಸಿದರು. ಒಳಗಿನಿಂದ ಬಿಡಿಸುವ ದಾರಿ 1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ತೆರೆಯಿತು. ಕಾಲು ಕತ್ತರಿಸಲು ಒಪ್ಪದೆ ಹಟ ಹಿಡಿದಿದ್ದ 82 ವರ್ಷದ ಮುದುಕಿಯೊಬ್ಬರ ತೊಡೆಯ ನಾಳವನ್ನು ಚಾರ್ಲ್ಸ್ ಡಾಟರ್ ಕೊಳವೆ ತೂರಿಸಿ ಹಿಗ್ಗಿಸಿದರು, ಕಾಲು ಉಳಿಯಿತು. ಡಾಟರ್ ಶಸ್ತ್ರವೈದ್ಯರಲ್ಲ, ಎಕ್ಸ್‌ರೇ ವಿಭಾಗದವರು. ಹತ್ತು ವರ್ಷದ ಬಳಿಕ, 1974ರಲ್ಲಿ, ಆಂಡ್ರಿಯಾಸ್ ಗ್ರುಂಟ್ಸಿಗ್ ಅದೇ ಕೆಲಸಕ್ಕೆ ಬಲೂನ್ ತಂದರು. ಸ್ಟೆಂಟ್ ಎಂಬ ಲೋಹದ ಜಾಲರಿ ಆಮೇಲೆ ಬಂತು.

ಯಾವುದು ಮೇಲು? ಇದನ್ನು ಜಗಳವಾಡಿಕೊಂಡೇ ಪರೀಕ್ಷಿಸಿದ್ದಾರೆ. 2022ರಲ್ಲಿ ಪ್ರಕಟವಾದ ಬೆಸ್ಟ್-ಸಿಎಲ್ಐ ಅಧ್ಯಯನದಲ್ಲಿ 1,830 ರೋಗಿಗಳಿದ್ದರು; ಎಲ್ಲರದೂ ಕಾಲು ಹೋಗುವ ಹಂತ. ಕಾಲಿನಲ್ಲಿ ಒಳ್ಳೆಯ ಅಭಿಧಮನಿ ಇದ್ದವರಲ್ಲಿ ಬೈಪಾಸ್ ಮಾಡಿಸಿಕೊಂಡವರಿಗೆ ಸಾವು ಅಥವಾ ಕಾಲಿಗೆ ದೊಡ್ಡ ಅನಾಹುತ ಶೇ. 42.6, ತಂತಿಯ ದಾರಿಯವರಿಗೆ ಶೇ. 57.4. ಕೊಯ್ದವರು ಗೆದ್ದರು ಎಂದುಕೊಳ್ಳುವಷ್ಟರಲ್ಲಿ 2023ರಲ್ಲಿ ಬ್ರಿಟನ್ ಮುಂದಾಳತ್ವದ ಬೇಸಿಲ್-2 ಬಂತು. ಮೊಣಕಾಲಿನ ಕೆಳಗಿನ ನಾಳ ಕಟ್ಟಿಕೊಂಡಿದ್ದ 345 ಮಂದಿಯಲ್ಲಿ ಕಾಲು ಕಳೆದುಕೊಂಡವರು ಅಥವಾ ಸತ್ತವರು ಬೈಪಾಸ್ ಗುಂಪಿನಲ್ಲಿ ಶೇ. 63, ತಂತಿಯ ಗುಂಪಿನಲ್ಲಿ ಶೇ. 53. ಎರಡನ್ನೂ ಓದಿದ ಮೇಲೆ ನನಗೆ ಉಳಿದದ್ದು ಇಷ್ಟು: ಕಾಲಿನ ಅಭಿಧಮನಿ ಗಟ್ಟಿಯಾಗಿದ್ದು, ಹೃದಯ ಅರಿವಳಿಕೆಯನ್ನು ತಾಳುವಂತಿದ್ದು, ಮುಂದೆ ಕೆಲವು ವರ್ಷದ ಬಾಳು ಕಾಣುತ್ತಿದ್ದರೆ ಕೊಯ್ಯುವ ಮಾತನ್ನು ತಳ್ಳಿಹಾಕಬಾರದು. ಹೃದಯ ಸೋತ ಎಂಬತ್ತರ ಅಜ್ಜನಿಗೆ ತಂತಿಯೇ ದಾರಿ. ಮೂತ್ರಪಿಂಡ ಕೆಟ್ಟವರಿಗೆ ತಂತಿಯ ಕೆಲಸದಲ್ಲಿ ನಾಳ ಎಕ್ಸ್‌ರೇಯಲ್ಲಿ ಕಾಣಲೆಂದು ಚುಚ್ಚುವ ಬಣ್ಣದ ಔಷಧವೇ ತೊಂದರೆ ಕೊಡಬಹುದು, ಅದನ್ನು ಮೊದಲೇ ಹೇಳಬೇಕು.

ಇಲ್ಲಿಗೆ ನಿಮ್ಮ ಎರಡನೆಯ ಪ್ರಶ್ನೆ ನಮ್ಮ ರಸ್ತೆಗೆ ಬಂದು ಕೂಡುತ್ತದೆ. ತಂತಿಯ ಚಿಕಿತ್ಸೆ ಸಣ್ಣದು ಎನ್ನುವವರು ಗಾಯದ ಅಳತೆ ಹೇಳುತ್ತಿದ್ದಾರೆ. ಬಲೂನ್ ಹಾಕಿದ ನಾಳ, ಅದರಲ್ಲೂ ಮೊಣಕಾಲಿನ ಕೆಳಗಿನದು, ತಿಂಗಳುಗಳಲ್ಲೇ ಮತ್ತೆ ಕಿರಿದಾಗುವುದು ಸಾಮಾನ್ಯ. ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್‌ಗೆ ಹೋಗಬೇಕು, ಬೇಕಾದರೆ ಮತ್ತೆ ಬಲೂನ್. ಮೈಸೂರಿನಲ್ಲೇ ಮನೆ ಇರುವವನಿಗೆ ಅದು ಅರ್ಧ ದಿನದ ಕೆಲಸ. ನಮ್ಮವರಿಗೆ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬಂದವನ ಕೂಲಿಯೂ ಹೋಯಿತು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹಣ್ಣು ಕೊಯ್ಲಿನ ಹೊತ್ತಾದರೆ ತೋಟದವರ ಮುಖವೂ ಗಂಟು. ಬೈಪಾಸ್ ಆದವರಿಗೂ ತಪಾಸಣೆ ತಪ್ಪಿದ್ದಲ್ಲ. ವಾರ ಕಾಲ ಆಸ್ಪತ್ರೆ, ಉದ್ದದ ಗಾಯ, ಸೋಂಕಿನ ಭಯ, ತಿಂಗಳುಗಟ್ಟಲೆ ಬಾವು, ಇವೆಲ್ಲ ಇವೆ. ಆದರೂ ಆ ಕಷ್ಟದ ಹೆಚ್ಚಿನ ಪಾಲು ಮೊದಲ ಎರಡು ತಿಂಗಳಲ್ಲೇ ಕಳೆಯುತ್ತದೆ. ಒಮ್ಮೆ ಹೆಚ್ಚು ಕೊಟ್ಟು ಮುಗಿಸುವುದೋ, ಕಂತಿನಲ್ಲಿ ಕೊಡುವುದೋ ಎಂದು ನಮ್ಮವರು ಲೆಕ್ಕ ಹಾಕುತ್ತಾರೆ. ಅದನ್ನು ಅಜ್ಞಾನ ಎನ್ನಲು ನಾನು ತಯಾರಿಲ್ಲ.

ಇನ್ನೊಂದು ವಿಷಯವನ್ನು ನಗರದವರು ಯೋಚಿಸಿರಲಾರರು. ತೊಡೆಸಂದಿಯಲ್ಲಿ ಮತ್ತು ಮೊಣಕಾಲಿನ ಹಿಂಬದಿಯಲ್ಲಿ ನಾಳ ದಿನಕ್ಕೆ ನೂರು ಸಲ ಮಡಿಚಿಕೊಳ್ಳುತ್ತದೆ. ಅಲ್ಲಿ ಸ್ಟೆಂಟ್ ಇಟ್ಟರೆ ಮುರಿಯುವ, ಮುಚ್ಚಿಕೊಳ್ಳುವ ಅಪಾಯ ಹೆಚ್ಚು. ತೊಡೆಸಂದಿಯ ಅಡಚಣೆಯನ್ನು ಈಗಲೂ ಬಹುಮಟ್ಟಿಗೆ ಕೊಯ್ದೇ ಕೆರೆದು ತೆಗೆಯುವುದು ಅದಕ್ಕಾಗಿ. ಕುಕ್ಕರಗಾಲಿನಲ್ಲಿ ಕುಳಿತು ಉದುರಿದ ಕಾಫಿ ಹೆಕ್ಕುವ ಹೆಂಗಸು, ಏಣಿ ಹತ್ತಿ ಮೆಣಸು ಕೊಯ್ಯುವ ಗಂಡಸು ತಮ್ಮ ಕೆಲಸ ಏನೆಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಕೇಸ್ ಶೀಟಿನಲ್ಲಿ ‘ಕೂಲಿ’ ಎಂದಷ್ಟೇ ಬರೆದಿರುತ್ತಾರೆ.

ಗುಳಿಗೆಗಳದ್ದೂ ಒಂದು ಕತೆ. ಸ್ಟೆಂಟ್ ಆದ ಮೇಲೆ ಸಾಮಾನ್ಯವಾಗಿ ಕೆಲವು ತಿಂಗಳು ರಕ್ತ ಹೆಪ್ಪುಗಟ್ಟದ ಎರಡು ಗುಳಿಗೆ, ನಂತರ ಒಂದು ಜೀವನಪೂರ್ತಿ. ಜೂನ್‌ನಲ್ಲಿ ತೋಟಕ್ಕೆ ಇಳಿದರೆ ಜಿಗಣೆ ಹತ್ತದೆ ಬಿಡುವುದಿಲ್ಲ. ಜಿಗಣೆಯ ಜೊಲ್ಲೇ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ಅದರ ಮೇಲೆ ಈ ಗುಳಿಗೆಗಳೂ ಸೇರಿದರೆ ಸುಣ್ಣ ಒತ್ತಿದರೂ ರಕ್ತ ಬೇಗ ನಿಲ್ಲುವುದಿಲ್ಲ. ಹೆದರಿ ಗುಳಿಗೆಯನ್ನೇ ಬಿಟ್ಟವರನ್ನು ನೋಡಿದ್ದೇನೆ. ಬಿಡಬಾರದು, ಒಳಗಿನ ಜಾಲರಿ ಕಟ್ಟಿಕೊಳ್ಳುವುದು ಹಾಗೆಯೇ. ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಉದ್ದದ ಕಾಲುಚೀಲ ಮತ್ತು ಬೂಟು ಹಾಕಿ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು ದಿನಾ ಸಂಜೆ ದೀಪದ ಕೆಳಗೆ ಅಂಗಾಲು ನೋಡಿಕೊಳ್ಳಬೇಕು, ಅವರಿಗೆ ಕಚ್ಚಿದ್ದೇ ತಿಳಿದಿರುವುದಿಲ್ಲ.

ಎಲ್ಲ ನಾಳಗಳ ಕಾಯಿಲೆಗೂ ಇದೇ ತೂಕ ಅನ್ವಯಿಸುವುದಿಲ್ಲ. ಹಗಲೆಲ್ಲ ನಿಂತು ಕೆಲಸ ಮಾಡುವವರಿಗೆ ಬರುವ ವೆರಿಕೋಸ್ ಉಬ್ಬುನಾಳಕ್ಕೆ ಹಿಂದೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ನಾಳವನ್ನೇ ಎಳೆದು ತೆಗೆಯುತ್ತಿದ್ದರು. ಈಗ ಲೇಸರ್ ಅಥವಾ ರೇಡಿಯೋ ತರಂಗದ ಶಾಖದಿಂದ ಒಳಗೇ ಮುಚ್ಚುತ್ತಾರೆ, ಅದೇ ದಿನ ಮನೆಗೆ ಬರಬಹುದು. ಅದಕ್ಕೆ ಕೊಯ್ಯಿಸಿಕೊಳ್ಳುತ್ತೇನೆ ಎಂದು ಯಾರಾದರೂ ಹೊರಟರೆ ನಾನೇ ತಡೆಯುತ್ತೇನೆ. ಹೊಟ್ಟೆಯ ಮಹಾಧಮನಿ ಬಲೂನಿನಂತೆ ಊದಿಕೊಳ್ಳುವ ಕಾಯಿಲೆ ಮತ್ತೆ ಬೇರೆ. ಗಂಡಸರಲ್ಲಿ 5.5 ಸೆಂಟಿಮೀಟರ್ ತಲುಪಿದರೆ ಚಿಕಿತ್ಸೆಯ ಮಾತು ಬರುತ್ತದೆ. ಹೊಟ್ಟೆ ತೆರೆದು ಕೃತಕ ನಾಳ ಹೊಲಿಯುವುದು ಹಳೆಯ ಕ್ರಮ. ಬಟ್ಟೆ ಹೊದಿಸಿದ ಸ್ಟೆಂಟನ್ನು ತೊಡೆಯ ನಾಳದ ಮೂಲಕ ಸೇರಿಸುವುದನ್ನು 1990ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹ್ವಾನ್ ಪರೋಡಿ ಮಾಡಿ ತೋರಿಸಿದರು. ಬ್ರಿಟನ್ನಿನ ಇವಾರ್-1 ಅಧ್ಯಯನದಲ್ಲಿ ಮೊದಲ 30 ದಿನದ ಸಾವು ಹೊಟ್ಟೆ ತೆರೆದವರಲ್ಲಿ ಶೇ. 4.7, ಸ್ಟೆಂಟಿನವರಲ್ಲಿ ಶೇ. 1.7. ಎಂಟು ವರ್ಷ ಕಳೆದ ಮೇಲೆ ತಕ್ಕಡಿ ತಿರುಗಿತು, ತೆರೆದು ಮಾಡಿಸಿಕೊಂಡವರೇ ಹೆಚ್ಚು ಬದುಕಿ ಉಳಿದರು. ಸ್ಟೆಂಟಿನ ಅಂಚಿನಲ್ಲಿ ರಕ್ತ ಸೋರುವುದನ್ನು ವರ್ಷ ವರ್ಷವೂ ಸ್ಕ್ಯಾನ್ ಮಾಡಿ ಕಾಯಬೇಕು. ಮತ್ತೆ ಅದೇ ರಸ್ತೆ.

ಹಣದ ಮಾತು ಚುಟುಕಾಗಿ: ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಯೋಜಿತ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಕೇಳುತ್ತಾರೆ, ಹಾಗಾಗಿ ಮೊದಲು ಮಡಿಕೇರಿಗೆ ಹೋಗಿ ಬರುವುದು ವ್ಯರ್ಥವಲ್ಲ.

ಮೇಲಿನ ಯಾವ ಲೆಕ್ಕವನ್ನೂ ಹಾಕಬಾರದ ಸಂದರ್ಭ ಒಂದಿದೆ. ಚೆನ್ನಾಗಿದ್ದ ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿಕೊಂಡು, ತಡೆಯಲಾಗದ ನೋವು ಬಂದು, ಬೆರಳು ಆಡಿಸಲಾಗದಿದ್ದರೆ ಹೃದಯದಿಂದಲೋ ಎಲ್ಲಿಂದಲೋ ಹೆಪ್ಪು ಬಂದು ಸಿಕ್ಕಿಕೊಂಡಿರಬಹುದು. ಸುಮಾರು ಆರು ಗಂಟೆಯೊಳಗೆ ರಕ್ತ ಹರಿಯಬೇಕು. ತೊಡೆಸಂದಿಯಲ್ಲಿ ಸಣ್ಣದಾಗಿ ಕೊಯ್ದು, ತುದಿಯಲ್ಲಿ ಪುಟ್ಟ ಬಲೂನ್ ಇರುವ ಕೊಳವೆಯಿಂದ ಹೆಪ್ಪನ್ನು ಎಳೆದು ತೆಗೆಯುವ ಕ್ರಮವನ್ನು ಥಾಮಸ್ ಫೋಗಾರ್ಟಿ 1960ರ ದಶಕದ ಆರಂಭದಲ್ಲೇ ಕಂಡುಹಿಡಿದರು. ಅದರಲ್ಲಿ ಕೊಯ್ತವೂ ಇದೆ, ಬಲೂನೂ ಇದೆ. ಆಗ ತಂಗಿಯ ಮನೆ ಯಾವ ಊರಿನಲ್ಲಿದೆ ಎಂದು ನೋಡಬೇಡಿ, ಬಿಸಿನೀರಿನ ಶಾಖ ಕೊಡಬೇಡಿ, ಬೆಳಗಾಗಲಿ ಎಂದು ಕಾಯಬೇಡಿ. ರಕ್ತನಾಳದ ಶಸ್ತ್ರವೈದ್ಯರು ಆ ಹೊತ್ತಿಗೆ ಸಿಗುತ್ತಾರೆಯೇ ಎಂದು ಫೋನಿನಲ್ಲಿ ಕೇಳಿ, ತೆರೆದಿರುವ ರಸ್ತೆ ಹಿಡಿದು ಹೊರಡಿ. ಕಣ್ಣೂರಿನ ಕಡೆಗಾದರೆ ಪೆರುಂಬಾಡಿ ದಾಟುವ ಮೊದಲೇ ಆ ಫೋನ್ ಮುಗಿಸಿಕೊಳ್ಳಿ. ಮಾಕುಟ್ಟದ ಕಾಡಿನಲ್ಲಿ ಸಿಗ್ನಲ್ ನಂಬುವಂತಿಲ್ಲ.