ಹುಲ್ಲುಹಾಸಿನ ಪ್ರಯೋಗ: ಗೊಬ್ಬರ ಹಾಕುವ ಮುಂಚೆ ತಾಕು ಸರಿ ಮಾಡಿಕೊಳ್ಳಿ

ನಿಮ್ಮ ಪ್ರಶ್ನೆ ಓದಿದೆ. ಎಂ.ಎಸ್ಸಿ. ಥೀಸಿಸ್‌ಗೆ ಹುಲ್ಲುಹಾಸಿಗೆ ಎಷ್ಟು ಸಾರಜನಕ ಬೇಕು ಅಂತ ನೋಡಬೇಕು, ಜಾಗವನ್ನು 4 ದೊಡ್ಡ ತಾಕು ಮಾಡಿ ಒಂದೊಂದಕ್ಕೆ ಒಂದೊಂದು ಪ್ರಮಾಣದ ಯೂರಿಯಾ ಹಾಕುತ್ತೇನೆ, ಪ್ರತಿ ತಾಕಿನಲ್ಲಿ 5 ಕಡೆ ಮಾದರಿ ತೆಗೆದರೆ 5 ರೆಪ್ಲಿಕೇಷನ್, ಅಂದರೆ ಪ್ರಯೋಗದ 5 ಪುನರಾವರ್ತನೆ, ಆಯ್ತು ಅಲ್ವಾ ಅಂತ ಕೇಳಿದ್ದೀರಿ. ಆಗುವುದಿಲ್ಲ. ಇನ್ನೂ ಗೊಬ್ಬರ ಹಾಕಿಲ್ಲ ಅಂತ ಬರೆದಿದ್ದೀರಲ್ಲ, ಅದನ್ನು ನೋಡಿ ಸಮಾಧಾನವಾಯಿತು. ಈಗಲೇ ಬದಲಾಯಿಸಿಕೊಳ್ಳಿ.

ಗೊಬ್ಬರ ಬಿದ್ದದ್ದು ಒಂದು ತಾಕಿಗೆ. ಅಲ್ಲಿ 5 ಕಡೆ ಕತ್ತರಿಸಿದರೂ 50 ಕಡೆ ಕತ್ತರಿಸಿದರೂ ನೀವು ಅಳೆಯುವುದು ಆ ಒಂದೇ ತಾಕನ್ನು. ಆ ಮೂಲೆಯ ಮಣ್ಣು ಮೊದಲಿಂದಲೇ ಚೆನ್ನಾಗಿದ್ದರೆ? ಅದರ ಲಾಭವೆಲ್ಲ ಯೂರಿಯಾದ ಲೆಕ್ಕಕ್ಕೆ ಹೋಗುತ್ತದೆ. ಇದಕ್ಕೆ ಸ್ಯೂಡೋರೆಪ್ಲಿಕೇಷನ್ ಅನ್ನುತ್ತಾರೆ. ಹರ್ಲ್‌ಬರ್ಟ್ ಎಂಬ ಪರಿಸರ ವಿಜ್ಞಾನಿ 1984ರಲ್ಲಿ ಬರೆದ ಲೇಖನದಿಂದ ಈ ಹೆಸರು ಚಾಲ್ತಿಗೆ ಬಂತು. ವೈವಾದಲ್ಲಿ ಸಿಕ್ಕಿಬೀಳುವ ಜಾಗ ಇದು. ಆಮೇಲೆ ಯಾವ ಸಾಫ್ಟ್‌ವೇರ್ ಹಾಕಿದರೂ ಸರಿಯಾಗುವುದಿಲ್ಲ.

ಹೀಗೆ ಮಾಡಿ. 0, 2, 4, 6, ಅಂದರೆ ತಿಂಗಳಿಗೆ ಚದರ ಮೀಟರಿಗೆ ಇಷ್ಟು ಗ್ರಾಂ ಸಾರಜನಕ, ಈ ನಾಲ್ಕು ಪ್ರಮಾಣ ಇಟ್ಟುಕೊಳ್ಳಿ. ಸೊನ್ನೆಯನ್ನು ಮಾತ್ರ ಬಿಡಬೇಡಿ. ಜಾಗವನ್ನು 5 ಬ್ಲಾಕ್, ಅಂದರೆ ಒಳಗೆ ಆದಷ್ಟು ಒಂದೇ ಥರ ಇರುವ ಪಟ್ಟಿಗಳನ್ನಾಗಿ ಮಾಡಿ, ಪ್ರತಿ ಬ್ಲಾಕಿನಲ್ಲಿ 4 ತಾಕು, ಒಟ್ಟು 20. ಒಂದೊಂದು ತಾಕು 1.5 ಮೀಟರ್ ಅಗಲ, 2 ಮೀಟರ್ ಉದ್ದ ಇದ್ದರೆ ಸಾಕು. 5 ಯಾಕೆ ಅಂದರೆ, 4 ಪ್ರಮಾಣ, 5 ಬ್ಲಾಕ್ ಇದ್ದಾಗ ಎರರ್‌ಗೆ, ಅಂದರೆ ಗೊಬ್ಬರದಿಂದಲೂ ಬ್ಲಾಕಿನಿಂದಲೂ ಬಾರದ ಏರುಪೇರನ್ನು ಅಂದಾಜು ಮಾಡಲು, 12 ಡಿಗ್ರೀಸ್ ಆಫ್ ಫ್ರೀಡಮ್ (ಸ್ವತಂತ್ರ ಮಾಹಿತಿಯ ಎಣಿಕೆ) ಸಿಗುತ್ತದೆ. 4 ಬ್ಲಾಕ್ ಮಾಡಿದರೆ 9ಕ್ಕೆ ಇಳಿಯುತ್ತದೆ. 12ಕ್ಕಿಂತ ಕಡಿಮೆ ಮಾಡಿಕೊಳ್ಳಬೇಡಿ.

ಯಾವ ತಾಕಿಗೆ ಯಾವ ಪ್ರಮಾಣ ಅನ್ನುವುದನ್ನು ನೀವು ಆರಿಸಬಾರದು. ಪ್ರತಿ ಬ್ಲಾಕಿಗೂ ಬೇರೆ ಬೇರೆಯಾಗಿ ಚೀಟಿ ಎತ್ತಿ. ಸಂಖ್ಯಾಶಾಸ್ತ್ರಜ್ಞ ಫಿಷರ್ 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರಕ್ಕೆ ಸೇರಿದ ಮೇಲೆ ಹೊಲದ ಪ್ರಯೋಗಗಳಿಗೆ ಗಟ್ಟಿಯಾಗಿ ಹೇಳಿದ್ದು ಇದನ್ನೇ. ಒಂದು ಬ್ಲಾಕಿನಲ್ಲಿ ಚೀಟಿಯಿಂದ 0, 2, 4, 6 ಅಂತ ಸಾಲಾಗಿಯೇ ಬಂದರೂ ಬದಲಾಯಿಸಬೇಡಿ, ಬಂದಂತೆ ಬರೆದುಕೊಳ್ಳಿ.

ಈಗ ಬ್ಲಾಕ್ ಯಾವ ದಿಕ್ಕಿಗೆ ಅನ್ನುವ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ನಾನು ಒಂದು ವರ್ಷ ಕಳೆದುಕೊಂಡದ್ದು ಇಲ್ಲೇ. ನನ್ನ ಜಾಗ ನೋಡಲು ಸಪಾಟಾಗಿತ್ತು, ಆದರೆ ಒಂದು ಕಡೆಗೆ ಸಣ್ಣ ಇಳಿಜಾರಿತ್ತು. ಅಳತೆಗೆ ಸುಲಭ ಅಂತ ಬ್ಲಾಕುಗಳನ್ನು ಮೇಲಿಂದ ಕೆಳಕ್ಕೆ ಉದ್ದುದ್ದ ಎಳೆದುಬಿಟ್ಟೆ. ಹಾಗಾಗಿ ಪ್ರತಿ ಬ್ಲಾಕಿನಲ್ಲೂ ಮೇಲಿನ ತಾಕು ಒಣ, ಕೆಳಗಿನ ತಾಕು ಹಸಿ. ಮೂರನೇ ತಿಂಗಳು ಬೆಳಿಗ್ಗೆ ಇಬ್ಬನಿ ಇರುವಾಗ ಹೋಗಿ ನಿಂತರೆ ಗೊಬ್ಬರ ಹಾಕದ ತಾಕು ಹಳದಿಗೆ ತಿರುಗಿದ್ದು, 4 ಗ್ರಾಂ ತಾಕು ಕಡು ಹಸಿರಾಗಿದ್ದು ದೂರದಿಂದಲೇ ಕಾಣುತ್ತಿತ್ತು. ಅನಾಲಿಸಿಸ್ ಮಾಡಿದರೆ ವ್ಯತ್ಯಾಸವೇ ಇಲ್ಲ ಅಂತ ಬಂತು. ನೀರಿನ ಏರುಪೇರೆಲ್ಲ ಎರರ್‌ಗೆ ಸೇರಿ, ಯೂರಿಯಾದ ಪರಿಣಾಮವನ್ನು ನುಂಗಿಹಾಕಿತ್ತು. ಬ್ಲಾಕ್ ಇಳಿಜಾರಿಗೆ ಅಡ್ಡಲಾಗಿ ಬರಬೇಕು. ಮೇಲಿನ ಪಟ್ಟಿ ಒಂದು ಬ್ಲಾಕ್, ಅದರ ಕೆಳಗಿನ ಪಟ್ಟಿ ಇನ್ನೊಂದು. ಒಂದು ಬ್ಲಾಕಿನ ಒಳಗಿನ ನಾಲ್ಕೂ ತಾಕು ಆದಷ್ಟು ಒಂದೇ ಥರ ಇರಬೇಕು. ಬ್ಲಾಕಿಗೂ ಬ್ಲಾಕಿಗೂ ಎಷ್ಟು ವ್ಯತ್ಯಾಸವಿದ್ದರೂ ತೊಂದರೆ ಇಲ್ಲ.

ನೀರು ಎಲ್ಲಿ ಜಾಸ್ತಿ ಬೀಳುತ್ತದೆ ಅಂತ ಅಂದಾಜಿನಲ್ಲಿ ಹೇಳಬೇಡಿ. ಒಂದೇ ಅಳತೆಯ, ನೇರ ಗೋಡೆಯ 20 ಡಬ್ಬ ತೆಗೆದುಕೊಂಡು ತಾಕಿಗೊಂದು ಇಟ್ಟು, ಗಾಳಿ ಇಲ್ಲದ ಹೊತ್ತಿನಲ್ಲಿ ಸ್ಪ್ರಿಂಕ್ಲರ್ 20 ನಿಮಿಷ ಬಿಡಿ. ಪ್ರತಿ ಡಬ್ಬದ ನೀರನ್ನು ಮಿಲಿಮೀಟರಿನಲ್ಲಿ ಅಳೆಯಿರಿ. ಕಡಿಮೆ ನೀರು ಬಿದ್ದ 5 ಡಬ್ಬಗಳ ಸರಾಸರಿಯನ್ನು ಒಟ್ಟು ಸರಾಸರಿಯಿಂದ ಭಾಗಿಸಿ. ಆ ಐದರ ಸರಾಸರಿ 6 ಮಿಲಿಮೀಟರ್, ಒಟ್ಟು ಸರಾಸರಿ 10 ಇದ್ದರೆ ನೀರಿನ ಹಂಚಿಕೆ 60 ಶೇಕಡಾ ಅಂತ ಅರ್ಥ. ಸಂಶೋಧನೆಗೆ ಅದು ಸಾಲದು, ಮೊದಲು ನಾಜಲ್ ಸರಿಮಾಡಿಸಿ. ಒಂದು ಬೆಳಿಗ್ಗೆಯ ಕೆಲಸ ಇದು, ದಯವಿಟ್ಟು ತಪ್ಪಿಸಬೇಡಿ.

ಯೂರಿಯಾದ ಲೆಕ್ಕ: ಅದರಲ್ಲಿ ಸಾರಜನಕ 46 ಶೇಕಡಾ. 3 ಚದರ ಮೀಟರ್ ತಾಕಿಗೆ ಚದರ ಮೀಟರಿಗೆ 4 ಗ್ರಾಂ ಅಂದರೆ 12 ಗ್ರಾಂ ಸಾರಜನಕ. 12ನ್ನು 0.46ರಿಂದ ಭಾಗಿಸಿದರೆ 26.1 ಗ್ರಾಂ ಯೂರಿಯಾ. ಇದು ಒಂದು ಮುಷ್ಟಿಯೂ ಆಗುವುದಿಲ್ಲ, ಹಾಗೇ ಎರಚಿದರೆ ಒಂದು ಕಡೆ ಬಿದ್ದು ಹುಲ್ಲು ಸುಡುತ್ತದೆ. ಪ್ರತಿ ತಾಕಿನದ್ದನ್ನೂ ತೂಗಿ ಬೇರೆ ಬೇರೆ ಚೀಲಕ್ಕೆ ಹಾಕಿ ತಾಕಿನ ನಂಬರ್ ಬರೆಯಿರಿ. ಒಣ ಮರಳು ಬೆರೆಸಿ, ಅರ್ಧವನ್ನು ಉದ್ದಕ್ಕೆ, ಇನ್ನರ್ಧವನ್ನು ಅಡ್ಡಕ್ಕೆ ಎರಚಿ. ಸೊನ್ನೆ ತಾಕಿಗೂ ಅಷ್ಟೇ ಬರೀ ಮರಳು ಹಾಕಿ. ಹಾಕಿದ ಕೂಡಲೇ ನೀರು ಕೊಡಿ, ಇಲ್ಲದಿದ್ದರೆ ಒಂದಷ್ಟು ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.

ಕತ್ತರಿಸಿದ ಹುಲ್ಲನ್ನು ತಾಕಿನ ಮೇಲೆ ಬಿಡಬೇಡಿ. ಮನೆಯ ಲಾನಿಗೆ ಅದು ಒಳ್ಳೆಯದೇ, ಆದರೆ ಆ ಹುಲ್ಲಿನಲ್ಲೂ ಸಾರಜನಕ ಇದೆ. ಜಾಸ್ತಿ ಬೆಳೆದ ತಾಕಿಗೆ ಜಾಸ್ತಿ ವಾಪಸ್ ಹೋಗಿ ನಿಮ್ಮ 2, 4, 6ಕ್ಕೆ ಅರ್ಥವೇ ಉಳಿಯುವುದಿಲ್ಲ. ಬುಟ್ಟಿ ಇರುವ ಮೋವರ್ ಬಳಸಿ. ಹುಲ್ಲಿನ ಎತ್ತರ 3 ಸೆಂಟಿಮೀಟರ್ ಅಂತ ಇಟ್ಟುಕೊಂಡರೆ 4.5 ದಾಟುವ ಮುಂಚೆ ಕತ್ತರಿಸಿ, ಒಂದೇ ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ತೂಕಕ್ಕೆ ತಾಕಿನ ನಡುವಿನ ಪಟ್ಟಿಯ ಹುಲ್ಲು ಮಾತ್ರ. ಅಂಚಿನಲ್ಲಿ ಪಕ್ಕದ ತಾಕಿನ ಗೊಬ್ಬರ ಸೇರಿರುತ್ತದೆ. 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ. ಒಣಗಿಸುವ ಮುಂಚೆ ಹುಲ್ಲನ್ನು ಬೆರಳಲ್ಲಿ ಉಜ್ಜಿ ನೋಡಿ, ಮರಳು ತಗುಲಿದರೆ ತೊಳೆಯಿರಿ. ಮರಳಿನ ತೂಕವನ್ನು ಹುಲ್ಲಿನ ತೂಕ ಅಂತ ಬರೆದ ಎಷ್ಟೋ ಲೆಕ್ಕ ನಾನು ನೋಡಿದ್ದೇನೆ.

ಗುಣಮಟ್ಟಕ್ಕೆ ಅಮೆರಿಕದ ರಾಷ್ಟ್ರೀಯ ಹುಲ್ಲುಹಾಸು ಮೌಲ್ಯಮಾಪನ ಕಾರ್ಯಕ್ರಮದವರು ಬಳಸುವ 1ರಿಂದ 9ರ ಅಂಕ ಸಾಕು. 9 ಅತ್ಯುತ್ತಮ, 6 ಅಂದರೆ ಒಪ್ಪಬಹುದಾದ ಮಟ್ಟ. ಕಡೇತನಕ ಒಬ್ಬರೇ ಅಂಕ ಕೊಡಬೇಕು, ಕೈಯಲ್ಲಿ ತಾಕಿನ ನಂಬರ್ ಇರಬೇಕೇ ಹೊರತು ಯಾವ ಪ್ರಮಾಣ ಅನ್ನುವ ಪಟ್ಟಿ ಇರಬಾರದು. ಫೋಟೋ ತೆಗೆದು ಹಸಿರು ಪಿಕ್ಸೆಲ್ ಎಣಿಸುವುದಾದರೆ ಒಳಗೆ ಲೈಟ್ ಇರುವ ಪೆಟ್ಟಿಗೆ ಮಾಡಿಸಿಕೊಳ್ಳಿ. ಮೋಡ ಒಂದು ಬಂದು ಹೋದರೂ ಬಣ್ಣ ಬದಲಾಗುತ್ತದೆ.

ಮಣ್ಣಿನ ಪಿಎಚ್ ಅನ್ನು ಶುರುವಿನಲ್ಲೂ ಕೊನೆಯಲ್ಲೂ ಪ್ರತಿ ತಾಕಿನಲ್ಲಿ ಅಳೆಯಿರಿ. ರಾಥಮ್‌ಸ್ಟೆಡ್‌ನಲ್ಲಿ 1856ರಿಂದ ನಡೆಯುತ್ತಿರುವ ಪಾರ್ಕ್ ಗ್ರಾಸ್ ಪ್ರಯೋಗದಲ್ಲಿ ಅಮೋನಿಯಂ ಸಲ್ಫೇಟ್ ಹಾಕುತ್ತಾ ಬಂದು ಸುಣ್ಣ ಹಾಕದ ತಾಕುಗಳ ಮಣ್ಣು ಹುಳಿಯಾಗಿ, ಹತ್ತಾರು ಬಗೆಯ ಗಿಡ ಇದ್ದ ಕಡೆ ಬೆರಳೆಣಿಕೆಯಷ್ಟು ಉಳಿದವು. ಯೂರಿಯಾ ಅಷ್ಟು ಜೋರಲ್ಲ, ಆದರೆ ದಿಕ್ಕು ಅದೇ.

ಅನಾಲಿಸಿಸ್ ಬಗ್ಗೆ ಎರಡೇ ಮಾತು. ಅದೇ ತಾಕನ್ನು ತಿಂಗಳು ತಿಂಗಳು ಅಳೆಯುತ್ತೀರಿ, ಹಾಗಾಗಿ ರಿಪೀಟೆಡ್ ಮೆಷರ್ಸ್ ಅಂತಲೇ ಮಾಡಿ, ಅಂದರೆ ಒಂದೇ ತಾಕಿನ ಅಳತೆಗಳು ಒಂದಕ್ಕೊಂದು ಸಂಬಂಧಪಟ್ಟವು ಅಂತ ಲೆಕ್ಕ ಹಿಡಿಯುವ ವಿಧಾನ. ಇನ್ನೊಂದು, ಸಮ ಅಂತರದ ಪ್ರಮಾಣಗಳಿಗೆ ಯಾವುದು ಯಾವುದಕ್ಕಿಂತ ಬೇರೆ ಅಂತ ತೋರಿಸಲು ಎ, ಬಿ, ಎಬಿ ಅಂತ ಅಕ್ಷರ ಹಚ್ಚುವುದಕ್ಕಿಂತ ರಿಗ್ರೆಷನ್ ಗೆರೆ, ಅಂದರೆ ಪ್ರಮಾಣ ಏರಿದಂತೆ ಫಲ ಹೇಗೆ ಬದಲಾಗುತ್ತದೆ ಅನ್ನುವ ಗೆರೆ, ಎಳೆಯಿರಿ. ಯಾವ ಪ್ರಮಾಣದ ಆಚೆ ಹಾಕಿದ ಗೊಬ್ಬರ ದಂಡ ಅನ್ನುವುದು ಆ ಗೆರೆಯಲ್ಲೇ ಕಾಣುತ್ತದೆ, ನೀವು ಹುಡುಕುತ್ತಿರುವುದೂ ಅದನ್ನೇ ಅಲ್ವಾ?

ನಿಮ್ಮ ಕೈಯಲ್ಲಿರುವುದು ಎರಡು ವರ್ಷ. ಹೊಸದಾಗಿ ಹುಲ್ಲು ನೆಟ್ಟರೆ ಮೊದಲ ವರ್ಷ ಅದು ಕೂಡಿಕೊಳ್ಳುವುದರಲ್ಲೇ ಹೋಗುತ್ತದೆ. ಈಗಾಗಲೇ ಬೇರೂರಿದ ಹುಲ್ಲುಹಾಸನ್ನೇ ಕೇಳಿ ಪಡೆಯಿರಿ. ಚೀಟಿ ಎತ್ತುವ ಮುಂಚೆ ಜಾಗದ ನಕ್ಷೆ, ಇಳಿಜಾರಿನ ದಿಕ್ಕು, ಸ್ಪ್ರಿಂಕ್ಲರ್ ಎಲ್ಲೆಲ್ಲಿದೆ, 20 ಡಬ್ಬದ ಅಳತೆ, ಇಷ್ಟನ್ನು ಇಲ್ಲೇ ಹಾಕಿ. ಬ್ಲಾಕ್ ಎಲ್ಲಿ ಎಳೆಯಬೇಕು ಅಂತ ಗುರುತು ಮಾಡಿ ಕೊಡುತ್ತೇನೆ.