ಪ್ರಕರಣ: ಎರಡನೇ ಉತ್ತರ ಎಲ್ಲಿಂದ ಬಂತು?

ಫಸ್ಟ್ ಪಿಯುಸಿ ಸೈನ್ಸ್ ಹುಡುಗಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಗಣಿತದಲ್ಲಿ ತೊಂಬತ್ತರ ಮೇಲೆ. ಗುರುತು ಸಿಗಬಾರದು ಅಂತ ಉಳಿದ ವಿವರ ಬದಲಿಸಿದ್ದೇನೆ. ಅಪ್ಪನ ಜೊತೆ ಬಂದವಳು ಕೂರುವ ಮೊದಲೇ "ಸರ್, ನನ್ನನ್ನ ಆರ್ಟ್ಸ್‌ಗೆ ಹಾಕ್ಸಿ" ಅಂದಳು. ಅಪ್ಪ ಏನೂ ಮಾತಾಡಲಿಲ್ಲ. ಟ್ಯೂಷನ್‌ಗೆ ಆಗಲೇ ವರ್ಷದ ದುಡ್ಡು ಕಟ್ಟಿಯಾಗಿದೆ ಅನ್ನೋದು ಆಮೇಲೆ ಗೊತ್ತಾಯಿತು.

ಮೊದಲ ಅರ್ಧ ಗಂಟೆ ನಾನೇ ದಾರಿ ತಪ್ಪಿದೆ. ನಿದ್ದೆ ಹೇಗಿದೆ, ಹಾಸ್ಟೆಲ್ ಊಟ ಸೇರುತ್ತಾ, ಇಂಗ್ಲಿಷ್ ಕಷ್ಟ ಆಗ್ತಿದೆಯಾ, ಎಲ್ಲ ಕೇಳಿದೆ. ಎಲ್ಲದಕ್ಕೂ "ಪರವಾಗಿಲ್ಲ ಸರ್" ಅನ್ನೋ ಒಂದೇ ಉತ್ತರ. ಆಪ್ತಸಲಹೆಗೆ ಬರುವ ಮುಂಚೆ ನಾನು ಗಣಿತ ಪಾಠ ಮಾಡ್ತಿದ್ದವನು, ಹಳೇ ಚಟ, "ನೋಟ್ಸ್ ಕೊಡಮ್ಮ ನೋಡೋಣ" ಅಂದೆ. ಸೆಟ್ಸ್ ಅಧ್ಯಾಯ ಮುತ್ತು ಪೋಣಿಸಿದ ಹಾಗಿತ್ತು. ಫಂಕ್ಷನ್ಸ್‌ನಲ್ಲಿ ಮಾಡ್ಯುಲಸ್, ಅಂದರೆ ಸಂಖ್ಯೆಯ ಎರಡೂ ಪಕ್ಕ ನಿಂತ ಗೆರೆ ಹಾಕಿ ಬರೆಯೋ 'ಮಾಡ್', ಬಂದ ಕಡೆ ಕೆಂಪು ಶಾಯಿ. ಅದಾದ ಮೇಲಿನ ಪುಟಗಳೆಲ್ಲ ಖಾಲಿ.

ಒಂದು ಲೆಕ್ಕ ಕೊಟ್ಟೆ: |ಎಕ್ಸ್ − 3| = 5. ಅವಳು ಒಳಗಿನ ಮೈನಸ್ಸನ್ನು ಪ್ಲಸ್ ಮಾಡಿ, ಎಕ್ಸ್ + 3 = 5, ಎಕ್ಸ್ = 2 ಅಂತ ಬರೆದಳು. ಯಾಕಮ್ಮ ಅಂದರೆ "ಮಾಡ್ ಅಂದ್ರೆ ಮೈನಸ್ ತೆಗೆಯೋದಲ್ವಾ ಸರ್?"

ಸಿಕ್ಕಿತಲ್ಲ ಗಂಟು! |−7| ಅಂದರೆ 7, ಅಲ್ಲಿ ಈ ಸೂತ್ರ ನಡೆಯುತ್ತೆ. ಎಕ್ಸ್ ಒಳಗೆ ಬಂದ ತಕ್ಷಣ ಕೈ ಕೊಡುತ್ತೆ. 2 ಹಾಕಿ ನೋಡು ಅಂದೆ. ಎಡಗಡೆ 1 ಬಂತು, 5 ಬರಲಿಲ್ಲ. ಮುಖ ಸಪ್ಪಗಾಯಿತು.

ಪೆನ್ನು ಕೆಳಗಿಡಿಸಿದೆ. "ರಸ್ತೆಯಲ್ಲಿ 3ನೇ ಕಿಲೋಮೀಟರ್ ಕಲ್ಲಿನ ಹತ್ತಿರ ನಿಂತಿದ್ದೀಯ. ನಿಮ್ಮತ್ತೆ ಮನೆ ಅಲ್ಲಿಂದ 5 ಕಿಲೋಮೀಟರ್. ಯಾವ ಕಲ್ಲಿನ ಹತ್ತಿರ ಇದೆ?" ಅವಳು "8" ಅಂದಳು. ಅಷ್ಟು ಹೊತ್ತು ಸುಮ್ನೆ ಕೂತಿದ್ದ ಅಪ್ಪ ಬಾಯಿ ಬಿಟ್ಟರು: "ಯಾವ ಕಡೆಗೆ ಅಂತ ಅವ್ರು ಹೇಳೇ ಇಲ್ವಲ್ಲವ್ವ."

ಅದೇ ನೋಡಿ. ಹಿಂದಕ್ಕೆ ಹೋದರೆ ಸೊನ್ನೆ ಕಲ್ಲನ್ನೂ ದಾಟಿ ಇನ್ನೂ 2 ಕಿಲೋಮೀಟರ್, ಅಂದರೆ −2. ಮಾಡ್ ದೂರ ಎಷ್ಟು ಅಂತ ಮಾತ್ರ ಹೇಳುತ್ತೆ, ಯಾವ ಕಡೆ ಅಂತ ಹೇಳಲ್ಲ, ಅದಕ್ಕೇ ಎರಡು ಕಡೆಯೂ ಹುಡುಕಬೇಕು: ಎಕ್ಸ್ − 3 = 5 ಒಂದು, ಎಕ್ಸ್ − 3 = −5 ಇನ್ನೊಂದು.

ಆಗ ನಿಜವಾದ ನೋವು ಹೊರಗೆ ಬಂತು. ಎಕ್ಸ್ ಸೊನ್ನೆಗಿಂತ ಕಡಿಮೆ ಇದ್ದರೆ |ಎಕ್ಸ್| = −ಎಕ್ಸ್ ಅಂತ ಪುಸ್ತಕದಲ್ಲಿದೆ. "ಮಾಡ್ ಯಾವತ್ತೂ ಮೈನಸ್ ಆಗಲ್ಲ ಅಂತೀರ, ಮತ್ತೆ ಇಲ್ಲಿ ಮೈನಸ್ ಎಕ್ಸ್ ಅಂತ ಯಾಕಿದೆ?" ಅಂತ ಕ್ಲಾಸಿನಲ್ಲಿ ಕೇಳಿದ್ದಳಂತೆ, ಅದೂ ಅರೆಬರೆ ಇಂಗ್ಲಿಷಿನಲ್ಲಿ. ಎಲ್ಲರೂ ನಕ್ಕರು. ಅವತ್ತಿಂದ ಕೈ ಎತ್ತಿಲ್ಲ. ನನ್ನ ಪ್ರಕಾರ ಇಡೀ ಅಧ್ಯಾಯದಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ. ಆ ಎರಡು ನಿಂತ ಗೆರೆಗಳನ್ನು ಜರ್ಮನಿಯ ಗಣಿತಜ್ಞ ವೈಯರ್‌ಸ್ಟ್ರಾಸ್ ಬಳಕೆಗೆ ತಂದದ್ದೇ 1841ರಲ್ಲಿ, ಹದಿನಾರರ ಹುಡುಗಿಗೆ ಒಂದೇ ಪೀರಿಯಡ್‌ನಲ್ಲಿ ತಲೆಗೆ ಹೋಗಬೇಕು ಅಂದರೆ ಹೇಗೆ?

ಕನ್ನಡಕ್ಕೇ ವಾಪಸ್ ಬಂದೆ. ಧನ, ಋಣ ಅಂತ ಕಲಿತವಳಲ್ವಾ. ನಮ್ಮ ಹಳೇ ಗಣಿತಜ್ಞ ಬ್ರಹ್ಮಗುಪ್ತ ಕ್ರಿ.ಶ. 628ರಲ್ಲೇ ಇವೇ ಪದ ಬಳಸಿದ್ದ. ಋಣ ಅಂದರೆ ಸಾಲ. ಎಕ್ಸ್ −5 ಅಂತ ಇಟ್ಟುಕೋ, ಅಂದರೆ ಐದು ರೂಪಾಯಿ ಸಾಲ. −ಎಕ್ಸ್‌ನಲ್ಲಿ ಎಕ್ಸ್ ಮುಂದಿರೋ ಮೈನಸ್ಸು ಅದನ್ನ ತಿರುಗಿಸುತ್ತೆ, ಅಷ್ಟೇ. "ಸಾಲ ಮನ್ನಾ ಆದ್ರೆ?" "ಐದು ರೂಪಾಯಿ ಲಾಭ ಸರ್!" −ಎಕ್ಸ್ ಕಂಡ ತಕ್ಷಣ ಋಣ ಸಂಖ್ಯೆ ಅಂದುಕೊಳ್ಳಬೇಡ, "ಎಕ್ಸ್‌ನ ಉಲ್ಟಾ" ಅಂತ ಓದಿಕೋ ಅಂದೆ. ಅದನ್ನ ನೋಟ್ಸ್ ಅಂಚಿನಲ್ಲಿ ಬರೆದುಕೊಂಡಳು.

ಹೇಳಿದ ಸಲಹೆ ಜಾಸ್ತಿ ಏನಿಲ್ಲ. ದಿನಕ್ಕೆ ಮೂರೇ ಲೆಕ್ಕ. 2|ಎಕ್ಸ್ − 3| + 4 = 14 ಥರದ್ದು ಬಂದರೆ ಮೊದಲು ಮಾಡನ್ನು ಒಂಟಿ ಮಾಡು, ಆಮೇಲೆ ಎರಡು ದಾರಿ. ಸಿಕ್ಕ ಉತ್ತರವನ್ನು ಮೂಲ ಲೆಕ್ಕಕ್ಕೆ ಹಾಕಿ ನೋಡದೆ ಗೆರೆ ಎಳೆಯಬೇಡ. ಇದನ್ನ ಒತ್ತಿ ಹೇಳಿದೆ, ಯಾಕಂದರೆ |ಎಕ್ಸ್ − 1| = 2ಎಕ್ಸ್ − 5 ಲೆಕ್ಕದಲ್ಲಿ ಅವಳಿಗೆ 4 ಮತ್ತು 2 ಬಂದಿತ್ತು, ಪುಸ್ತಕದ ಹಿಂದೆ ಬರೀ 4 ಇತ್ತು, ತನ್ನ ವಿಧಾನವೇ ತಪ್ಪು ಅಂತ ಇಡೀ ಪುಟ ಹೊಡೆದು ಹಾಕಿದ್ದಳು. ವಿಧಾನ ಸರಿಯಾಗೇ ಇತ್ತು. 2 ಹಾಕಿದರೆ ಎಡಕ್ಕೆ 1, ಬಲಕ್ಕೆ −1, ಅದನ್ನ ಬಿಡಬೇಕಿತ್ತು, ಅಷ್ಟೇ.

ಅಪ್ಪನಿಗೆ ಹೇಳಿದ್ದು: ಇನ್ನೊಂದು ಟ್ಯೂಷನ್ ಹುಡುಕಬೇಡಿ, ಒಂದು ತಿಂಗಳು ಮಾರ್ಕ್ಸ್ ಕೇಳಬೇಡಿ. ಆರ್ಟ್ಸ್ ಮಾತು ಮಿಡ್ ಟರ್ಮ್ ಆದ ಮೇಲೆ. ಇತಿಹಾಸ ಇಷ್ಟ ಅಂತ ಹೋದರೆ ನಾನೇ ಸಹಿ ಹಾಕಿಸುತ್ತೇನೆ, ಮಾಡ್‌ಗೆ ಹೆದರಿ ಓಡಿ ಹೋಗೋದಾದರೆ ಬೇಡ.

ಮೂರು ವಾರದ ಮೇಲೆ ಒಬ್ಬಳೇ ಬಂದಳು. ಆರ್ಟ್ಸ್ ವಿಷಯ ಇನ್ನೂ ತೀರ್ಮಾನ ಆಗಿಲ್ಲ ಅಂದಳು. ನೋಟ್ಸ್ ತೆಗೆದು ನೋಡಿದೆ. |ಎಕ್ಸ್ + 4| = −3 ಅಂತ ಒಂದು ಲೆಕ್ಕ, ಬಿಡಿಸೋಕೇ ಹೋಗಿಲ್ಲ. ಪಕ್ಕದಲ್ಲಿ ಕನ್ನಡದಲ್ಲಿ ಬರೆದಿತ್ತು: "ದೂರ ಮೈನಸ್ ಆಗಲ್ಲ. ಮುಂದಿನದು."